ಕಾಗದದ ಕೆರೆ

ನನಗೆ ಕಾಗದ ಮಡಚಲು ಬರುವುದಿಲ್ಲ. ಬಿ.ಎ. ಓದಿದ್ದೇನೆ, ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ಆದರೂ ನಾನು ಮಾಡಿದ ದೋಣಿ ನೀರಿಗೆ ಬಿಡುವ ಮೊದಲೇ ಮುಳುಗಿದ ಹಾಗೆ ಕಾಣುತ್ತದೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ನಮ್ಮಕ್ಕನ ಕೈಗೆ ಬಿದ್ದ ಕಾಗದ ಮಾತ್ರ ತಾನಾಗಿಯೇ ಬಾಗಿ, ತಿರುಗಿ, ಮನೆಯೋ ಮರವೋ ಆಗಿ ನಿಲ್ಲುತ್ತಿತ್ತು. ಇದು ಹೋದ ವರ್ಷದ ನವರಾತ್ರಿಯವರೆಗಿನ ಮಾತು.

ನಾನು ಇರುವುದು ಅಕ್ಕ-ಭಾವನ ಜೊತೆಯಲ್ಲಿ. ಭಾವನಿಗೆ ಅಚ್ಚುಕೂಟದಲ್ಲಿ ಬೈಂಡಿಂಗ್ ಕೆಲಸ. ಅಂಚು ಕತ್ತರಿಸುವಾಗ ಉದುರಿದ ಚೂರುಗಳನ್ನೆಲ್ಲ ಅವರು ಊಟದ ಡಬ್ಬಿಯ ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದರು: ಲಗ್ನಪತ್ರಿಕೆಯ ಅರಿಶಿನ ಬಣ್ಣದ ಪಟ್ಟಿ, ಕ್ಯಾಲೆಂಡರಿನ ಹೊಳಪು ಅಂಚು, ನೋಟ್‌ಬುಕ್ಕಿನ ನೀಲಿ ರಟ್ಟಿನ ಮೂಲೆ. “ಬೇರೆಯವರ ಗಂಡಂದಿರು ಮಲ್ಲಿಗೆ ಹೂವು ತರ್ತಾರೆ, ನಮ್ಮನೆಯವರು ಕಸ ತರ್ತಾರೆ ಕಣೇ” ಎಂದು ಅಕ್ಕ ನನ್ನ ಬಳಿ ದೂರುವಳು. ದೂರು ಮುಗಿಯುವ ಮೊದಲೇ ಅವಳ ಕೈ ಚೀಲದೊಳಗೆ ಇರುತ್ತಿತ್ತು.

ಆ ಕಸದಿಂದ ಪ್ರತಿ ನವರಾತ್ರಿಗೂ ಒಂದು ಊರು ಏಳುತ್ತಿತ್ತು. ಬೊಂಬೆಗಳನ್ನು ಕೂರಿಸಿದ ಮೆಟ್ಟಿಲುಗಳ ಮುಂದೆ ನೆಲದ ಮೇಲೆ ಬೀದಿ, ಮನೆ, ತೆಂಗಿನ ಮರ, ಪಾರ್ಕು, ದೀಪದ ಕಂಬ, ಎಲ್ಲವೂ ಮಡಿಕೆಯಿಂದಲೇ; ಅಂಟು ಹಚ್ಚುವುದು ಅವಳ ಮರ್ಯಾದೆಗೆ ಕಡಿಮೆ. ನಮ್ಮ ರಾಜಾಜಿನಗರದಲ್ಲಿ ನಗರವೆನ್ನುವುದು ಹೆಸರಿನಲ್ಲಿ ಮಾತ್ರ ಇದೆ. ಎದುರು ಸಾಲು ಇನ್ನೂ ರಾಗಿ ಹೊಲ. ದೀಪದ ಕಂಬ ಬರುತ್ತದೆ ಎಂದು ಹೇಳಿ ಹೋದವರೂ ತಿರುಗಿ ಬಂದಿಲ್ಲ. “ಅವರು ಹಾಕೋ ತನಕ ಯಾರು ಕಾಯ್ತಾರೆ? ನಾನೇ ಹಾಕ್ಬಿಟ್ಟೆ” ಎನ್ನುವಳು ಅಕ್ಕ.

ಹೋದ ವರ್ಷ ತನ್ನ ಕಾಗದದ ಊರಿಗೊಂದು ಕೆರೆ ಬೇಕೆಂದು ಅಕ್ಕನಿಗೆ ಅನಿಸಿತು. ತೆಳುವಾದ ಕಾಗದಕ್ಕೆ ಹರಳೆಣ್ಣೆ ಸವರಿದರೆ ಗಾಜಿನಂತೆ ತಿಳಿಯಾಗುತ್ತದೆ. ಅದರಡಿ ನೀಲಿ ರಟ್ಟು ಇಟ್ಟರೆ ಸಾಕ್ಷಾತ್ ನೀರು. ಆದರೆ ರಾತ್ರಿ ಕಳೆಯುವಷ್ಟರಲ್ಲಿ ಎಣ್ಣೆ ಇಂಗಿ ಹೊಳಪು ಮಂಕಾಗುತ್ತಿತ್ತು. “ಕೆರೆ ಬತ್ತಿದೆ, ಎಣ್ಣೆ ಕೊಡೇ” ಎಂದು ಬೆಳಿಗ್ಗೆ ಬೆಳಿಗ್ಗೆ ಹತ್ತಿಯಲ್ಲಿ ಮತ್ತೆ ಸವರುವಳು. ಹೀಗೆ ಅಷ್ಟಮಿಯ ಹೊತ್ತಿಗೆ ಆ ಕೆರೆ ಒಂದು ದೊಡ್ಡ ಬತ್ತಿಯ ಹಾಗೆ ಎಣ್ಣೆ ಕುಡಿದು ಕೂತಿತ್ತು. ಅದನ್ನು ಬತ್ತಿ ಎಂದು ನಮ್ಮಲ್ಲಿ ಯಾರೂ ನೋಡಲಿಲ್ಲ. ಕಣ್ಣಿಗೆ ಅದು ನೀರು.

ಕಾಲೇಜಿನಲ್ಲಿ ನಮಗೆ ತರ್ಕಶಾಸ್ತ್ರವಿತ್ತು. ಹೊಗೆಯಿದ್ದಲ್ಲಿ ಬೆಂಕಿ, ಅಡುಗೆಮನೆಯಲ್ಲಿದ್ದ ಹಾಗೆ. ಬೆಂಕಿಯಿಲ್ಲದ ಕಡೆ ಹೊಗೆಯಿಲ್ಲ. ಕೆರೆಯಲ್ಲಿ ಇಲ್ಲದ ಹಾಗೆ. ನಮ್ಮ ಹಿರಿಯರು ಬೆಂಕಿ ಇರಲಾರದ ಜಾಗಕ್ಕೆ ಊರೂರು ಹುಡುಕಿ ಕೊಟ್ಟ ಉದಾಹರಣೆ ಕೆರೆ. ನಾನು ಅದನ್ನು ಉರುಹೊಡೆದು ಪಾಸಾದೆ. ನಮ್ಮ ಮನೆಯಲ್ಲಿ ಬೆಂಕಿ ಹೊತ್ತಿದ್ದು ಕೆರೆಗೇ.

ಅಷ್ಟಮಿಯ ಸಂಜೆ ಬೀದಿಯ ಹುಡುಗಿಯರೆಲ್ಲ ಬಂದಿದ್ದರು. ನಾನು ಬಾಗಿಲ ಬಳಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದೆ. ಅಕ್ಕ ಬೊಂಬೆಗಳಿಗೆ ಆರತಿ ಎತ್ತಿದಳು. ಉರಿಯುವ ಕರ್ಪೂರದ ಬಿಲ್ಲೆ ತಟ್ಟೆಯಿಂದ ಜಾರಿತು. ಕೆರೆ ಒಂದೇ ಉಸಿರಿಗೆ ಹೊತ್ತಿ ಎದ್ದಿತು. ಪಕ್ಕದ ಮನೆಯ ರುದ್ರಮ್ಮನವರ ಮಗಳು ಗಿರಿಜೆ ರೇಷ್ಮೆ ಲಂಗ ಹರಡಿಕೊಂಡು ಅದರ ದಡದಲ್ಲೇ ಕೂತಿದ್ದಳು. ಅಕ್ಕ ಅವಳನ್ನು ಎಡಗೈಯಿಂದ ಹಿಂದಕ್ಕೆ ತಳ್ಳಿದಳು. ಬಲಗೈಯನ್ನು, ರೊಟ್ಟಿ ತಟ್ಟುವವಳ ಹಾಗೆ, ಬೆಂಕಿಯ ಮೇಲೆ ಊರಿ ಒತ್ತಿ ಹಿಡಿದಳು. ಬೆಂಕಿ ಆರಿತು. ಎಣ್ಣೆ ಕಾಗದ ಅಂಗೈಗೆ ಅಂಟಿಕೊಂಡಿತು.

“ಟೀಚರಮ್ಮಾ, ಇಂಕಿನ ಬಾಟ್ಲಿ ತರ್ರೀ ಲಗೂನ!” ಎಂದು ಕೂಗಿದವರು ರುದ್ರಮ್ಮ. ಅವರ ದಾವಣಗೆರೆ ಕಡೆಯಲ್ಲೂ ನಮ್ಮಲ್ಲೂ ಸುಟ್ಟದ್ದಕ್ಕೆ ಶಾಯಿಯೇ ಮದ್ದು. ನನ್ನ ಬಾಟಲಿ ಪೂರ್ತಿ ಅಕ್ಕನ ಕೈಗೆ ಸುರಿದೆವು. ಡಾಕ್ಟರು ನೋಡಿ ತಲೆ ಚಚ್ಚಿಕೊಂಡರು. “ಏನಮ್ಮಾ ಇದು? ಮೊದಲು ಇದನ್ನ ತೊಳೀರಿ. ಕೈ ಎಲ್ಲಿದೆ ನೋಡೋಣ.” ಅಂಥ ನೋವಿನಲ್ಲೂ ಅಕ್ಕ, “ತಂಗಿ ಪರೀಕ್ಷೆ ಬರೆದಿದ್ದೆಲ್ಲಾ ನನ್ನ ಕೈಮೇಲೇ, ಸಾರ್” ಎಂದಳು.

ಗಾಯ ಮಾಗಿತು. ಮಾಗುತ್ತ ಚರ್ಮ ಒಳಕ್ಕೆ ಎಳೆದುಕೊಂಡು ಬೆರಳುಗಳೆಲ್ಲ ಅಂಗೈಯತ್ತ ಬಾಗಿದವು. ಬಿಸಿನೀರಿನಲ್ಲಿ ಇಟ್ಟು ಬಿಡಿಸಿ ನೋಡಿ, ಬೆರಳು ಬಿಟ್ಟುಕೊಂಡರೂ ಬಿಟ್ಟುಕೊಳ್ಳಬಹುದು ಎಂದರು ಡಾಕ್ಟರು. ವರ್ಷವಾಯಿತು, ಬಿಟ್ಟುಕೊಂಡಿಲ್ಲ. ಭಾವ ಇಂದಿಗೂ ಚೀಲದಲ್ಲಿ ಚೂರು ತರುತ್ತಾರೆ. ತರಬೇಡಿ ಎನ್ನುವ ಧೈರ್ಯ ನಮಗಿಬ್ಬರಿಗೂ ಇಲ್ಲ, ನಿಲ್ಲಿಸುವ ಧೈರ್ಯ ಅವರಿಗೂ ಇಲ್ಲದಿರಬಹುದು. ಮಂಚದ ಕೆಳಗೆ ಅರಿಶಿನ, ನೀಲಿ ರಾಶಿ ಬೆಳೆಯುತ್ತಿದೆ.

ನನ್ನ ಸ್ಥಿತಿ ಇನ್ನೂ ನಗೆಗೇಡು. ಸುಟ್ಟದ್ದು ಅವಳ ಕೈ, ಬೆಚ್ಚುವವಳು ನಾನು. ಬೀದಿಯಲ್ಲಿ ಯಾರೋ ಬೀಡಿ ಹಚ್ಚಿದರೆ ನಿಲ್ಲುತ್ತೇನೆ. ಕರಿಹಲಗೆಯ ಮೇಲೆ ಲೆಕ್ಕ ಬರೆಯುತ್ತಿದ್ದಂತೆ ಆ ಕರ್ಪೂರದ ಬಿಲ್ಲೆ ಜಾರುತ್ತದೆ. ಮನಸ್ಸಿನಲ್ಲಿ ಎಷ್ಟು ಸಲ ನಡೆದರೂ ಅದು ನಿಧಾನವಾಗಿ ಜಾರುವುದೇ ಇಲ್ಲ. ಒಮ್ಮೆಯಾದರೂ ನಿಧಾನವಾದರೆ ಹಿಡಿಯಬಹುದಿತ್ತು.

ಈ ವರ್ಷ ನವರಾತ್ರಿ ಮತ್ತೆ ಬಂತು. ಶುರು ಮಾಡಿದ ಮನೆಯಲ್ಲಿ ಬೊಂಬೆ ಕೂರಿಸದೆ ಬಿಡುವಂತಿಲ್ಲ. ಅಕ್ಕನ ಮದುವೆಯಲ್ಲಿ ಕೊಟ್ಟ ಮರದ ಪಟ್ಟದ ಬೊಂಬೆಗಳೆರಡನ್ನು ಒಂದು ಮಣೆಯ ಮೇಲೆ ನಿಲ್ಲಿಸಿದೆವು. ಮುಂದೆ ಬರಿಯ ನೆಲ. ಸಂಜೆ ಮೊದಲು ಬಂದವಳು ಗಿರಿಜೆಯೇ. ಬಂದವಳು ಅತ್ತಿತ್ತ ನೋಡಿದಳು.

“ಅತ್ತೇ, ಊರೆಲ್ಲಿ?”

“ಪ್ಲೇಗ್ ಬಂತು ಕಣೇ. ಎಲ್ರೂ ಊರು ಬಿಟ್ಟು ಹೋದ್ರು” ಎಂದಳು ಅಕ್ಕ.

“ವಾಪಸ್ ಯಾವಾಗ ಬರ್ತಾರೆ?”

ಅಕ್ಕ ಸೆರಗಿನೊಳಗಿದ್ದ ಬಲಗೈಯನ್ನು ಒಮ್ಮೆ ನೋಡಿಕೊಂಡಳು. ಡಾಕ್ಟರು ಹೇಳದೆ ಉಳಿಸಿದ್ದನ್ನು ಅವಳು ಹೇಳಿದಳು. “ಬರಲ್ಲ ಕಣಮ್ಮ. ಹೋದ ಕಡೇನೇ ಮನೆ ಕಟ್ಕೊಂಡ್ರಂತೆ.”

ಗಿರಿಜೆ ಯೋಚಿಸಿದಳು. “ಹಂಗಾರೆ ಅವರ ಪಾಲಿನ ಉಸ್ಲೀನೂ ನಂಗೇ ಕೊಡ್ರಿ.”

ಬೊಂಬೆ ನೋಡಲು ಬಂದ ಮಕ್ಕಳಿಗೆ ಎಡಗೈಯಲ್ಲಿ ಏನನ್ನೂ ಕೊಡುವಂತಿಲ್ಲ. ಅದಕ್ಕೆಂದೇ ನಾನು ಸೌಟು ಹಿಡಿದು ಕೂತಿದ್ದೆ. ಅಕ್ಕ ನನ್ನನ್ನು ಸರಿಸಿ ಬಾಗಿದ ಬಲಗೈಯನ್ನೇ ಪಾತ್ರೆಗೆ ಹಾಕಿದಳು. ಕಡಲೆಕಾಳಿನ ಉಸ್ಲಿ ತುಂಬಿ ಬಂತು. ಬೆರಳು ಬಿಡಿಸಿ ಸುರಿಯಲು ಆಗಲಿಲ್ಲ. ಕೈಯನ್ನು ಬೋರಲು ಮಾಡಿ ಕೊಡವಿದಳು. ಅರ್ಧ ಗಿರಿಜೆಯ ಲಂಗಕ್ಕೆ, ಅರ್ಧ ನೆಲಕ್ಕೆ. ಮೂವರೂ ಕೂತು ಹೆಕ್ಕಿದೆವು. ಗೋಡೆಯ ಬಿಲಕ್ಕೆ ಉರುಳಿದ ಕಾಳಿಗೆ ನಾನು ಬೆರಳು ತೂರಿಸುತ್ತಿದ್ದೆ.

“ಅದನ್ನ ಬಿಡೇ,” ಎಂದಳು ಅಕ್ಕ, “ಇಲಿಗಾದ್ರೂ ಹಬ್ಬ ಆಗ್ಲಿ.”