ಚಹಾಕ್ಕ ಕರದವರು ಯಾರು?

ಮಿರ್ಚಿ ಭಜಿ ಕಟ್ಟಿಕೊಟ್ಟ ಕಾಗದವನ್ನು ಓದದೆ ಎಸೆಯುವ ಅಭ್ಯಾಸ ನನಗಿಲ್ಲ. ಭಜಿ ತಿನ್ನುವುದು ನಾಲಿಗೆಯ ಚಪಲ, ಕಾಗದ ಓದುವುದು ಕಣ್ಣಿನ ಚಪಲ. ಎರಡೂ ಒಂದೇ ಪೊಟ್ಟಣದಲ್ಲಿ ಸಿಗುವಾಗ ಬೇಡವೆನ್ನಲು ನಾನೇನು ಸಂನ್ಯಾಸಿನಿಯೇ? ಹೋದ ತಿಂಗಳು ಹುಬ್ಬಳ್ಳಿಯಿಂದ ಬರುವಾಗ ಕುಳಗೇರಿ ಕ್ರಾಸಿನಲ್ಲಿ ಬಸ್ಸು ನಿಂತಾಗ ಸಿಕ್ಕ ಪೊಟ್ಟಣವನ್ನು ಬಿಡಿಸಿದರೆ, ಒಳಗೊಂದು ಕೊಳವಿತ್ತು. ಪಾಚಿಗಟ್ಟಿದ ಕಲ್ಲುಗಳು, ಪುಟ್ಟದೊಂದು ಮರದ ಗುಡಿಸಲು, ಅದರತ್ತ ಅವಸರವಿಲ್ಲದೆ ಸಾಗುವ ಕಾಲುದಾರಿ. ಪುಣೆಯಲ್ಲಿ, ಕೂತು ಚಹಾ ಕುಡಿಯಲೆಂದೇ ಮಾಡಿದ ಜಪಾನಿ ರೀತಿಯ ತೋಟವೊಂದಿದೆಯಂತೆ, ಸಾರ್ವಜನಿಕರಿಗೆಲ್ಲ ತೆರೆದಿದೆಯಂತೆ. ಎಣ್ಣೆ ಇಳಿದು ಚಿತ್ರದ ಕೊಳವು ಇನ್ನಷ್ಟು ಫಳಫಳಿಸುತ್ತಿತ್ತು. ಇಳಕಲ್ಲಿಗೆ ಬಂದಿಳಿಯುವಷ್ಟರಲ್ಲಿ ನಾನೂ ಹಸೀನಾಳೂ ಅಲ್ಲಿಗೆ ಹೋಗುವುದು ನನ್ನೊಳಗೆ ನಿಶ್ಚಯವಾಗಿಬಿಟ್ಟಿತ್ತು.

ಹಸೀನಾ ಯಾರೆಂದು ಹೇಳಬೇಕಲ್ಲ. ಶಾಲೆಯ ಮೊದಲ ದಿನ ನನ್ನ ಪಾಟಿಯ ಮೇಲೆ ತನ್ನ ಹೆಸರು ಬರೆದುಕೊಂಡು, ಅಂದಿನಿಂದ ನನ್ನನ್ನೂ ತನ್ನ ಸೊತ್ತೆಂದೇ ತಿಳಿದವಳು. ನಾನು ಹುನಗುಂದದ ಸುತ್ತಮುತ್ತ ಮೂವತ್ತೈದು ವರ್ಷ ನರ್ಸಾಗಿ ಓಡಾಡಿದೆ. ಅವಳು ಅಷ್ಟೇ ವರ್ಷ ಕುಣಿಮಗ್ಗದ ತಗ್ಗಿನಲ್ಲಿ ಕಾಲಿಳಿಬಿಟ್ಟು, ತುಳಿದು ತುಳಿದು ಸೀರೆ ನೇಯ್ದಳು. ಈಗ ಇಬ್ಬರಿಗೂ ಬಿಡುವು, ಇಬ್ಬರದೂ ಒಂದೇ ಓಣಿ. ದಿನಾ ಮಧ್ಯಾಹ್ನ ಅವಳ ಪಡಸಾಲೆಯಲ್ಲಿ ನಮ್ಮ ಚಹಾ. ನಮ್ಮ ಚಹಾ ಎಂದರೆ ಗೊತ್ತಲ್ಲ, ಪುಡಿ ಸೋತು ಶರಣಾಗುವ ತನಕ ಕುದಿಸುವುದು.

ಆ ಮಧ್ಯಾಹ್ನವೇ ಕಾಗದ ಬಿಡಿಸಿ, ಊರ ಮುಂದೆ ಡಂಗುರ ಸಾರುವವಳಂತೆ ಓದಿದೆ. ಚಹಾದ ಗುಡಿಸಲಿಗೆ ಇರುವುದು ತೀರ ತಗ್ಗಿನ ಬಾಗಿಲು. ದೊಡ್ಡವನಿರಲಿ ಚಿಕ್ಕವನಿರಲಿ ಮೊಣಕಾಲೂರಿ, ತಲೆ ಬಾಗಿಸಿಯೇ ಒಳಗೆ ಸರಿಯಬೇಕು. ಒಳಗೆ ಕುರ್ಚಿಯಿಲ್ಲ, ಚಾಪೆಯ ಮೇಲೆ ಮೊಣಕಾಲು ಮಡಚಿ ಕೂರಬೇಕು. ಎಂಥ ವಿನಯ ನೋಡು ಎಂದು ನಾನು ಕೊಂಡಾಡುತ್ತಿದ್ದರೆ ಹಸೀನಾ ಬಸಿಗೆ ಸುರುವಿಕೊಂಡ ಚಹಾವನ್ನೇ ನೋಡುತ್ತಿದ್ದಳು.

"ಅದೆಲ್ಲಾ ಖರೆ. ಕರದವರು ಯಾರು?" ಎಂದಳು.

"ಯಾರರ ಯಾಕ ಕರೀಬೇಕು? ಸಾರ್ವಜನಿಕ ಐತಿ, ಎಲ್ಲಾರದೂ."

"ಎಲ್ಲಾರದೂ ಅಂದ್ರ ಯಾರೂ ಕರ್ಯಾಂಗಿಲ್ಲ ಅಂತ ಆತು. ಗುರ್ತಿಲ್ಲದವರ ಮನಿಗೆ ಕರೀಲಾರದ ಚಹಾಕ್ಕ ಹೋಗೂದು ನನ್ನ ಕಡಿಂದ ಆಗಂಗಿಲ್ಲ ಗಂಗಾ. ನೀ ಹೋಗಿ ಬಾ."

ನಾನು ನಕ್ಕೆ, ಮರುದಿನ ಬೈದೆ, ಮೂರನೆಯ ದಿನ ಮಾತು ಬಿಟ್ಟೆ. ಅವಳು ಜಗ್ಗಲಿಲ್ಲ. ಇಷ್ಟಾಗಿಯೂ ನಾನು ಪ್ರಯಾಣದ ಪಟ್ಟಿ ಬರೆಯುವುದನ್ನು ನಿಲ್ಲಿಸಲಿಲ್ಲ. ಬಾಗಲಕೋಟೆಯವರೆಗೆ ಬಸ್ಸು, ಮುಂದಿನದನ್ನು ಅಲ್ಲಿ ವಿಚಾರಿಸುವುದು. ಅಮೀನಗಡದ ಕರದಂಟು ಎರಡು ಡಬ್ಬಿ, ಒಂದು ದಾರಿಗೆ, ಇನ್ನೊಂದು ಯಾರಿಗೆಂದು ಗೊತ್ತಿಲ್ಲ. ಬರಿಗೈಯಲ್ಲಿ ಹೋಗಬಾರದೆಂಬುದು ನನ್ನ ಕೈಗೂ ಅಂಟಿದ ರೂಢಿ. ಹಾಗೆ ನೋಡಿದರೆ ನಾನೂ ಅದನ್ನು ಯಾರದೋ ಮನೆಯೆಂದೇ ತಿಳಿದಿದ್ದೆನಲ್ಲ! ಕರೆ ಎಂಬ ಪದವನ್ನು ಯೋಚಿಸುತ್ತ ಕೂತೆ. ಮನೆಗೆ ಬರಹೇಳುವುದೂ ಕರೆಯುವುದೇ, ಎಮ್ಮೆಯ ಹಾಲು ಹಿಂಡುವುದೂ ಕರೆಯುವುದೇ. ಎರಡಕ್ಕೂ ಕೈ ಮೆತ್ತಗಿರಬೇಕು, ಜಗ್ಗಾಡಿದರೆ ಎರಡೂ ಕೆಡುತ್ತವೆ. ನಾನು ಹಸೀನಾಳನ್ನು ಜಗ್ಗಾಡುತ್ತಿದ್ದೆ, ಕರೆದಿರಲಿಲ್ಲ.

ಹೀಗೆಲ್ಲ ಅರ್ಥವಾದದ್ದು ನನ್ನ ಜಾಣತನದಿಂದಲ್ಲ, ಮರೆವಿನಿಂದ. ಇತ್ತೀಚೆಗೆ ಒಂದು ವರ್ಷದಿಂದ, ಮಧ್ಯಾಹ್ನ ಇಳಿದು ಆಜಾನ್ ಕೇಳಿಸುತ್ತಲೇ ಹಸೀನಾ "ನಮಾಜಿನ ಹೊತ್ತಾತು, ನೀ ನಡಿ" ಎಂದು ನನ್ನನ್ನು ಏಳಿಸುತ್ತಿದ್ದಳು. ಮೊದಲೆಲ್ಲ ಅವಳು ನಮಾಜು ಮಾಡುವಾಗ ನಾನು ಅಲ್ಲೇ ಅವರೆಕಾಯಿ ಸುಲಿಯುತ್ತ ಕೂತಿರುತ್ತಿದ್ದೆ. ವಯಸ್ಸಾದಂತೆ ಭಕ್ತಿ ಹೆಚ್ಚಿದೆ, ಏಕಾಂತ ಬೇಕಾಗಿದೆ ಎಂದುಕೊಂಡಿದ್ದೆ. ಮಾತು ಮತ್ತೆ ಕೂಡಿದ ಮೇಲೆ ಒಂದು ದಿನ, ಹಾಗೆ ಎದ್ದು ಬಂದವಳು ಕನ್ನಡಕ ಮರೆತು, ತರಲು ಹಿಂದಿರುಗಿದೆ. ಬಾಗಿಲು ಅರ್ಧ ತೆರೆದಿತ್ತು. ಹಸೀನಾ ಪಡುವಣಕ್ಕೆ ಮುಖ ಮಾಡಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. ಹಣೆ ನೆಲ ಮುಟ್ಟಬೇಕಾದಲ್ಲಿ ಸೊಂಟ ಬಗ್ಗಿಸಿ ಅರ್ಧಕ್ಕೇ ತಡೆದುಕೊಂಡಳು. ಎರಡೂ ಕೈ ಮೊಣಕಾಲುಗಳನ್ನು ಅಮುಕಿ ಹಿಡಿದಿದ್ದವು.

ನಾನು ಸದ್ದಿಲ್ಲದೆ ಹೊರಗೆ ಬಂದೆ. ಗೆಳೆಯರೇ, ನಾಚಿಕೆಯಾಯಿತು. ತಾಲೂಕಿನ ಮೊಣಕಾಲುಗಳನ್ನೆಲ್ಲ ಒತ್ತಿ ನೋಡಿ ಗೋಳು ಕೇಳಿದ ನರ್ಸಮ್ಮನಿಗೆ ಪಕ್ಕದಲ್ಲೇ ಇದ್ದ ನೋವು ಕಾಣಲಿಲ್ಲ. ನಾನಾದರೋ ಎರಡು ವರ್ಷದ ಹಿಂದೆ ಮೊಣಕಾಲು ನೋವೆಂದು ಲಿಂಗಪೂಜೆಗೆ ಕೂರುವುದನ್ನು ಮಣೆಯಿಂದ ಸ್ಟೂಲಿಗೆ ಏರಿಸಿದಾಗ ಇಡೀ ಓಣಿಗೆ ಹೇಳಿಕೊಂಡು ತಿರುಗಿದ್ದೆ. ಅವಳು ಬಾಯಿ ಬಿಟ್ಟಿರಲಿಲ್ಲ. ಮದುವೆ, ಮುಂಜಿ, ಮೇಲಿನ ಮನೆಯ ಮೊಮ್ಮಗುವಿನ ತೊಟ್ಟಿಲು, ಎಲ್ಲದಕ್ಕೂ ಒಂದೊಂದು ನೆಪ ಹೇಳಿ ಒಂದು ವರ್ಷದಿಂದ ತಪ್ಪಿಸಿಕೊಂಡಿದ್ದಳು. ಹೀಗೇ ಬಿಟ್ಟರೆ ಈ ಹುಡುಗಿ ಒಂದು ದಿನ ನನ್ನಿಂದಲೂ ತಪ್ಪಿಸಿಕೊಳ್ಳುತ್ತಾಳೆ ಅನ್ನಿಸಿತು. ಅರವತ್ತನಾಲ್ಕರ ಹುಡುಗಿ!

ಮರುದಿನ ಬೆಳಿಗ್ಗೆ, ಕಾಗದದ ಅಡಿಯಲ್ಲಿದ್ದ ನಂಬರು ನೋಡಿ ಪುಣೆಯ ಆ ತೋಟಕ್ಕೆ ಫೋನು ಹಚ್ಚಿದೆ. ನನ್ನ ಹಿಂದಿ, ಅತ್ತಲಿನ ಹೆಂಗಸಿನ ಮರಾಠಿ, ಎರಡೂ ಎಡವುತ್ತ ಎಡವುತ್ತ ಕೈಹಿಡಿದುಕೊಂಡವು. ಮೊಣಕಾಲು ಮಡಚಲಾಗದವರು ಏನು ಮಾಡಬೇಕು ಎಂದು ಕೇಳಿದೆ. ಆಕೆ ಹೇಳಿದ್ದನ್ನು ಎರಡು ಸಲ ಹೇಳಿಸಿಕೊಂಡು, ಬರೆದುಕೊಂಡು, ಮಧ್ಯಾಹ್ನ ಹಸೀನಾಳ ಮನೆಗೆ ಹೋದೆ. ಕಂಡದ್ದನ್ನು ಹೇಳಲಿಲ್ಲ.

"ಆ ತ್ವಾಟದಾಗ ಗುಡಿಸಲಿಗಿಂತ ಮೊದಲು ಕುಂದ್ರಾಕ ಒಂದು ಕಟಗಿ ಬಾಕು ಹಾಕಿರ್ತಾರಂತ. ಬಂದವರು ಯಾರೂ ತಾವಾಗೇ ಒಳಗ ಹೋಗಂಗಿಲ್ಲ, ಬಾಕಿನ ಮ್ಯಾಗ ಕುಂತು ಕಾಯಬೇಕು. ಒಳಗಿನವರೇ ಹೊರಗ ಬಂದು, ತಲಿ ಬಾಗಿಸಿ ಕರೀತಾರಂತ. ಒಳಗ ಹೋಗಾಕ ಆಗದವರಿಗೆ ಚಹಾ ಆ ಬಾಕಿನ ಮ್ಯಾಲೇ ತಂದು ಕೊಡ್ತಾರಂತ."

ಹಸೀನಾ ಬಸಿಯನ್ನು ಕೆಳಗಿಟ್ಟಳು. "ಹಂಗಾರ ನಿನಗ ಗೊತ್ತಾಗೇತಿ" ಎಂದಳು ಆಮೇಲೆ.

"ನನಗ ಮೊದಲ ಹೇಳಬಾರದಾಗಿತ್ತೇನ?"

"ಏನಂತ ಹೇಳ್ಲಿ ಗಂಗಾ? ದೇವರ ಮುಂದ ಹಣಿ ಊರಾಕ ಆಗವಲ್ದು, ಚಹಾದ ಮುಂದ ಮಣಕಾಲು ಊರತೇನಿ ಬಾ ಅನ್ಲೇನು?"

ಅಂದವಳು ಅತ್ತಳೋ ನಕ್ಕಳೋ ತಿಳಿಯಲಿಲ್ಲ. ನಾನು ಮಾತ್ರ ಎರಡನ್ನೂ ಮಾಡಿದೆ. ನಿನ್ನನ್ನು ಬಿಟ್ಟು ನಾನು ಯಾವ ಬಾಗಿಲನ್ನೂ ತೂರುವುದಿಲ್ಲ, ಒಳಗಿನವರು ಬಂದು ಕರೆದರೂ ಬಾಕಿನ ಮೇಲೆ ನಿನ್ನ ಮಗ್ಗುಲಲ್ಲೇ ಕೂತಿರುತ್ತೇನೆ ಎಂದೆ. ನಮ್ಮ ಕಡೆ ಇಂಥದ್ದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಹೇಳಿದ ಮೇಲೆ ನನಗೂ ಸಂಕೋಚವಾಗಿ, ಬರಿದಾದ ಬಸಿಯನ್ನೇ ಒರೆಸುತ್ತ ಕೂತೆ. ಅವಳು ಬರುತ್ತೇನೆಂದೂ ಅನ್ನಲಿಲ್ಲ, ಬರುವುದಿಲ್ಲವೆಂದೂ ಅನ್ನಲಿಲ್ಲ.

ಅಷ್ಟರಲ್ಲಿ ಆಜಾನ್ ಆಯಿತು. ನಾನು ರೂಢಿಯಂತೆ ಎದ್ದು ಚಪ್ಪಲಿಗೆ ಕಾಲು ಹಾಕಿದೆ.

"ಎಲ್ಲಿ ಹೊಂಟಿ?" ಎಂದಳು ಹಸೀನಾ. "ಕುಂದ್ರು. ಒಳಗ ಖುರ್ಚಿ ಐತಿ, ತಂದು ಪಡುವಣಕ್ಕ ಮಾರಿ ಮಾಡಿ ಹಾಕು."