ಚೀನಾದಲ್ಲಿ ಕೋರಣ್ಯ ಎತ್ತಿದವನು

ನಮ್ಮ ಪುಟ್ಟಮಾದು ಚೀನಾ ದೇಶಕ್ಕೆ ಹೋಗಿ ಬಂದವನು ಎಂದರೆ ಹೊಸಬರು ಮೊದಲು ಅವನ ಕಾಲು ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ಕಾಲಲ್ಲಿ ಚಪ್ಪಲಿ ಇಲ್ಲ, ಮೊಣಕಾಲಿನವರೆಗೂ ಅರಿಶಿನದ ಧೂಳು. ನನ್ನ ಮುಖದಲ್ಲಿ ವ್ಯಾಪಾರಿಯ ಸುಳ್ಳು ಹುಡುಕುತ್ತಾರೆ. ಮಾಲಿನ ವಿಷಯದಲ್ಲಿ ನಾನು ಏನು ಬೇಕಾದರೂ ಹೇಳಿಯೇನು, ಇದು ಮಾತ್ರ ನಿಜ.

ಪಕ್ಕದ ಹಳ್ಳಿ ಉಡಿಗಾಲದವನು. ಚಾಮರಾಜನಗರದ ನನ್ನ ಮಂಡಿಯಲ್ಲಿ ಅರಿಶಿನ ಪಾಲಿಶ್ ಮಾಡುವ ಕೆಲಸ. ಬೇಯಿಸಿ ಒಣಗಿಸಿದ ಕೊಂಬನ್ನು ಕಬ್ಬಿಣದ ಪೀಪಾಯಿಗೆ ತುಂಬಿ ತಿರುಗಿಸಿದರೆ ಸಿಪ್ಪೆ ಉದುರಿ ಕೊಂಬು ಹೊಳೆಯುತ್ತದೆ. ಉದುರಿದ್ದು ತಿರುಗಿಸುವವನ ಎದೆಗೆ ಹೋಗುತ್ತದೆ. ಪೀಪಾಯಿಯ ಹತ್ತಿರ ಹತ್ತು ವರ್ಷ ದಾಟಿಸಿದವರು ನಮ್ಮ ಮಂಡಿ ಸಾಲಿನಲ್ಲಿ ಕಡಿಮೆ. ಪುಟ್ಟಮಾದುವಿನ ಕೆಮ್ಮು ಆಗಲೇ ಶುರುವಾಗಿತ್ತು. ಅವನು ಉಗುಳಿದ್ದು ಹಳದಿ ಎಂದು ಅವನ ಹೆಂಡತಿ ಮೂಗಮ್ಮ ನನ್ನ ಮನೆಯವಳ ಹತ್ತಿರ ಒಮ್ಮೆ ಹೇಳಿದ್ದಳಂತೆ. ನಾನು ಕೇಳಿ ಸುಮ್ಮನಿದ್ದೆ. ಮಂಡಿಯಲ್ಲಿ ಹಳದಿಯಲ್ಲದ್ದು ಯಾವುದಿದೆ?

ಇಂಥವನಿಗೆ ಕುಂಗ್‌ಫೂ ಹಿಡಿದದ್ದು ಸತ್ಯಮಂಗಲದ ಕಡೆಯಿಂದ ಬರುತ್ತಿದ್ದ ಒಬ್ಬ ತಮಿಳು ಮಾಸ್ಟರಿಂದ. ಭಾನುವಾರ ಬೆಳಿಗ್ಗೆ ಹೈಸ್ಕೂಲ್ ಮೈದಾನದಲ್ಲಿ ಕ್ಲಾಸು. ಮಾಸ್ಟರು ಒಂದು ದಿನ ಬರುವುದನ್ನು ನಿಲ್ಲಿಸಿದರು, ಪುಟ್ಟಮಾದು ನಿಲ್ಲಿಸಲಿಲ್ಲ. ಕರಿ ಅಂಗಿ, ನಡುವಿಗೊಂದು ಪಟ್ಟಿ ಕಟ್ಟಿಕೊಂಡು ನಿಂತರೆ ಗುಮಾಸ್ತರ ಮಕ್ಕಳು, ಮೇಷ್ಟ್ರ ಮಕ್ಕಳು 'ಮಾಸ್ಟರ್' ಎಂದು ಬಗ್ಗುತ್ತಿದ್ದರು. ಸೋಮವಾರ ಬೆಳಿಗ್ಗೆ ಅದೇ ಮಕ್ಕಳ ಮನೆ ಬಾಗಿಲಿಗೆ ಅವನು ಜೋಳಿಗೆ ಹಿಡಿದು ಬರುತ್ತಿದ್ದ.

ಅದು ಮಲೆ ಮಾದಪ್ಪನ ಹರಕೆ. ಮೊದಲ ಎರಡು ಮಕ್ಕಳು ಕೈಗೆ ಹತ್ತಿರಲಿಲ್ಲ. ಮೂರನೆಯವಳು ಭಾನು. ಅವಳಿಗೂ ಮೆದುಳು ಜ್ವರ ಬಂದು, ಮೈಸೂರಿನ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದಾಗ, ಈ ಮಗು ಉಳಿದರೆ ಅವಳ ಮದುವೆಯಾಗುವವರೆಗೆ ಪ್ರತಿ ಸೋಮವಾರ ಐದು ಮನೆಯಲ್ಲಿ ಕೋರಣ್ಯ ಎತ್ತುತ್ತೇನೆ ಎಂದು ಅಪ್ಪ ಬಾಯಿಬಿಟ್ಟು ಹೇಳಿಬಿಟ್ಟ. ಕೋರಣ್ಯ ಎಂದರೆ ದೇವರ ಹೆಸರಿನ ಭಿಕ್ಷೆ. ಐದು ಮನೆಯ ಹಿಡಿ ಅಕ್ಕಿ ಬೇಯುವವರೆಗೆ ಹನಿ ನೀರೂ ಇಲ್ಲ. ಬೀದಿಗಿಳಿದರೆ ಮುಂದಿನ ಬಾಗಿಲು ಬಿಟ್ಟು ಅದರಾಚೆಯ ಬಾಗಿಲಿಗೆ ಹೋಗುವಂತಿಲ್ಲ. ಒಳಗಿರುವವರು ಜಗಳಗಂಟರಾದರೂ ನಿಲ್ಲಲೇಬೇಕು. ಮಗು ಉಳಿಯಿತು. ಆಮೇಲೆ ಒಂದು ಸೋಮವಾರವೂ ತಪ್ಪಿದ್ದನ್ನು ನಾನು ಕಂಡಿಲ್ಲ.

ನಮ್ಮೂರು ಜಿಲ್ಲೆಯಾದ ಮಾರನೇ ವರ್ಷ ಗುಂಡ್ಲುಪೇಟೆಯಲ್ಲಿ ಒಂದು ಹೊಸ ಇಂಗ್ಲಿಷ್ ಶಾಲೆ ತೆರೆದರು. ಕಾರ್ಯದರ್ಶಿ ಗೋವಿಂದಯ್ಯ ನನಗೆ ಗೊತ್ತಿದ್ದವರು. ಕರಾಟೆ, ಕುಂಗ್‌ಫೂ ಕಲಿಸುತ್ತೇವೆ ಎಂದು ಬೋರ್ಡಿನಲ್ಲಿ ಬರೆಸಿಬಿಟ್ಟಿದ್ದರು, ಕಲಿಸುವವರು ಇರಲಿಲ್ಲ. ಪುಟ್ಟಮಾದುವನ್ನು ಕರೆದುಕೊಂಡು ಹೋದೆ. ನೋಡಿದರು, ಮೆಚ್ಚಿದರು. "ಏನಾದ್ರೂ ಒಂದು ದೊಡ್ಡ ಸರ್ಟಿಫಿಕೇಟ್ ಇರ್ಲಿ ಕಣಪ್ಪ. ತಂದೆತಾಯಿಗಳಿಗೆ ತೋರಿಸ್ಬೇಕಲ್ಲ. ತಂದ್ಬುಡು, ಕೆಲ್ಸ ನಿಂದು. ನಿನ್ ಮಗಳಿಗೂ ಇಲ್ಲೇ ಸೀಟು" ಎಂದರು.

ಆ ಹೊತ್ತಿಗೆ ಸರಿಯಾಗಿ ಬೆಂಗಳೂರಿನ ಒಬ್ಬ ಗ್ರಾಂಡ್ ಮಾಸ್ಟರು ಚೀನಾಕ್ಕೆ ತಂಡ ಕಟ್ಟುತ್ತಿದ್ದರು. ಅಲ್ಲಿನ ಒಂದು ಅಖಾಡದಲ್ಲಿ ಮೂರು ವಾರ ಕುಂಗ್‌ಫೂ ಮತ್ತು ಚೀನೀ ಸಂಸ್ಕೃತಿಯ ಶಿಬಿರ, ಮುಗಿದ ಮೇಲೆ ಕೆಂಪು ಮೊಹರಿನ ಸರ್ಟಿಫಿಕೇಟು. ಮಂಡಿಯವರೆಲ್ಲ ಸೇರಿ ಪುಟ್ಟಮಾದುವಿನ ಖರ್ಚು ಹೊತ್ತೆವು. ಧರ್ಮಕ್ಕಲ್ಲ. ಹೊಸ ಜಿಲ್ಲೆ, ಪೇಪರಿನಲ್ಲಿ ಫೋಟೋ ಬರುತ್ತದೆ, ಫೋಟೋದಲ್ಲಿ ನಾವೂ ಇರುತ್ತೇವೆ.

ಹೊರಡುವ ಮುಂಚೆ ಅವನನ್ನು ರೇಗಿಸಿದೆ. "ಏನ್ಲಾ ಮಾದು, ಸೋಮ್ವಾರಕ್ಕೆ ಅಲ್ಲಿ ಏನ್ಮಾಡೀಯೆ?"

"ಚೀನಾದಲ್ಲಿ ಮನೆ ಇರಾಕಿಲ್ವ ಸಾವ್ಕಾರ್ರೇ? ಮನೆ ಅಂದ್ಮೇಲೆ ಬಾಗ್ಲು ಇರ್ತದೆ."

"ಬಾಗ್ಲು ಇರ್ತದೆ ಸರಿ. ಒಳಗಿರೋರು ಮಾದಪ್ಪನ ಒಕ್ಕಲಾ?"

"ಅದ್ನ ಮಾದಪ್ಪ ನೋಡ್ಕತಾನೆ ಬುಡಿ."

ಮಾದಪ್ಪನ ಕಣ್ಣು ಏಳುಮಲೆಯಾಚೆಗೂ ಕಾಣುತ್ತದೆಯೇ ಎಂದು ಕೇಳುವ ಮಾತು ನಾಲಿಗೆ ತುದಿಗೆ ಬಂದಿತ್ತು. ಮೂಗಮ್ಮ ಅಲ್ಲೇ ನಿಂತಿದ್ದಳು, ನುಂಗಿಕೊಂಡೆ.

ಅಲ್ಲಿ ನಡೆದದ್ದನ್ನು ನನಗೆ ಪೂರ್ತಿ ಹೇಳಿದವನು ಮಲ್ಲಿಕಾರ್ಜುನಸ್ವಾಮಿ. ಗುಂಡ್ಲುಪೇಟೆಯ ಗುಮಾಸ್ತ, ಅದೇ ತಂಡದಲ್ಲಿ ಹೋದವನು, ಪುಟ್ಟಮಾದುವಿನ ಕೋಣೆಯಲ್ಲೇ ಇದ್ದವನು.

ಬೆಳಗಾಗುವ ಮುಂಚೆ ಓಟ. ಆಮೇಲೆ ಕುದುರೆ ಸವಾರನ ಹಾಗೆ ತೊಡೆ ಅಗಲಿಸಿ ಅರ್ಧ ಕೂತು ನಿಲ್ಲುವುದು. ದೊಡ್ಡ ದೊಡ್ಡ ದೇಶದವರ ತೊಡೆ ನಡುಗಿ ಕುಸಿಯುವಾಗ ಮೂಟೆ ಹೊತ್ತ ನಮ್ಮವನು ಕಲ್ಲಿನಂತೆ ನಿಂತಿರುತ್ತಿದ್ದ. ಮಧ್ಯಾಹ್ನ ಕುಂಚದಲ್ಲಿ ಅವರ ಅಕ್ಷರ ಬರೆಯುವುದು, ಚಹಾ ಬಗ್ಗಿಸುವ ಕ್ರಮ ಕಲಿಯುವುದು. ಹಾಲಿಲ್ಲದ, ಸಕ್ಕರೆಯಿಲ್ಲದ ಆ ಚಹಾವನ್ನು ಪುಟ್ಟಮಾದು ಕಷಾಯ ಕುಡಿದಂತೆ ಕಣ್ಣು ಮುಚ್ಚಿ ಕುಡಿಯುತ್ತಿದ್ದನಂತೆ. ಅಲ್ಲಿನ ಗಾಳಿಗೆ ಕೆಮ್ಮೂ ಕಡಿಮೆಯಾಗಿತ್ತು. "ನೋಡಿ ಸಾಮಿ, ಎದೆ ಸಿಳ್ಳೆ ಹಾಕದ್ನ ನಿಲ್ಸ್‌ಬುಡ್ತು" ಎಂದು ಮಲ್ಲಿಕಾರ್ಜುನಸ್ವಾಮಿಯ ಕೈಯನ್ನು ಎದೆಗೆ ಒತ್ತಿಕೊಂಡನಂತೆ.

ಮೊದಲ ಸೋಮವಾರ ಬಂತು. ಅಖಾಡದ ಗೇಟು ದಾಟಿ ಊರಿಗೆ ಹೋಗಲು ಯಾರಿಗೂ ಅಪ್ಪಣೆ ಇಲ್ಲ. ಬೆಳಿಗ್ಗೆಯಿಂದ ನೀರು ಮುಟ್ಟದೆ ಓಡಿದ, ಬಿಸಿಲಿನಲ್ಲಿ ನಿಂತ, ಮಧ್ಯಾಹ್ನದ ಹೊತ್ತಿಗೆ ದೊಪ್ಪನೆ ಬಿದ್ದ. ಚೀನೀ ಗುರು ಗಂಜಿ ತರಿಸಿ, ಬಟ್ಟಲನ್ನು ಅವನ ತುಟಿಗೆ ಹಿಡಿದು, ಕುಡಿಯುವ ತನಕ ಬಿಡಲಿಲ್ಲ. ಕುಡಿದ. ಅಂದಿನಿಂದ ಅವನ ಬಾಯಲ್ಲಿ ಒಂದೇ ಮಾತು.

"ತಪ್ಪೋಯ್ತು ಸಾಮಿ. ಭಾನು ಎಂಗದಳೋ."

"ಚೆನ್ನಾಗಿರ್ತಾಳೆ ಸುಮ್ನಿರೋ. ದೇವ್ರಿಗೂ ಗೊತ್ತಾಗಲ್ವ, ನೀನು ಪರದೇಶದಲ್ಲಿದೀಯ ಅಂತ?"

"ನಾ ಹರಕೆ ಹೊರವಾಗ ಪರದೇಸ ಬುಟ್ಟು ಅಂತ ಹೇಳ್ನಿಲ್ಲ ಸಾಮಿ."

ಆ ವಾರವೆಲ್ಲ ಅವನು ಚೀನೀ ಅಕ್ಷರ ಬರೆಯಲು ಕೂತರೆ ಕುಂಚದ ಮಸಿ ಕಾಗದದ ಮೇಲೆ ಹರಡುತ್ತಾ ಹೋಗುತ್ತಿತ್ತು, ಅವನು ಸುಮ್ಮನೆ ನೋಡುತ್ತಾ ಕೂತಿರುತ್ತಿದ್ದ. ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟವನಿಗೆ ಮೂರನೆಯದು ಉಳಿದದ್ದು ಯಾತರಿಂದ ಎಂದು ಗೊತ್ತಿತ್ತು. ಆ ಹರಕೆಯ ಹಗ್ಗವನ್ನು ಅವನೇ ಕೈಯಾರೆ ಸಡಿಲಿಸಿದ್ದ.

ಎರಡನೇ ಸೋಮವಾರ ಮಲ್ಲಿಕಾರ್ಜುನಸ್ವಾಮಿ ಎದ್ದಾಗ ಪುಟ್ಟಮಾದು ತಣ್ಣೀರು ಸುರಿದುಕೊಂಡು, ಹಣೆಗೆ ವಿಭೂತಿ ಬಳಿದು, ಅರಿಶಿನದ ಪಂಚೆಯನ್ನೇ ಜೋಳಿಗೆ ಮಾಡಿ ಹೆಗಲಿಗೆ ಕಟ್ಟಿಕೊಂಡಿದ್ದ.

"ಎಲ್ಲಿಗೋ?"

"ಐದು ಬಾಗ್ಲು ಸಾಮಿ. ಈ ಸಾಲಲ್ಲೇ ಅವೆ."

"ಮರ್ಯಾದೆ ಕಳೀಬೇಡ ಕಣೋ, ನಿನ್ ಕಾಲಿಗೆ ಬೀಳ್ತೀನಿ!"

"ನೀವ್ಯಾಕ್ ಬೀಳೀರಿ, ಬುಡಿ" ಎಂದವನೇ ಹೊರಗೆ ಹೋಗಿ 'ಉಘೇ ಮಾದಪ್ಪ' ಎಂದು ಕೂಗಿದ.

ಮೊದಲ ಬಾಗಿಲು ಜರ್ಮನಿಯವರದು. ಇದು ಭಾರತದ ಯಾವುದೋ ಯೋಗವಿರಬೇಕೆಂದು ಅವರು ಫೋಟೋ ತೆಗೆದು, ಒಂದು ಬಿಸ್ಕತ್ ಪೊಟ್ಟಣ ಹಾಕಿದರು. ಎರಡನೆಯದರಲ್ಲಿ ರಷ್ಯದವನೊಬ್ಬ ಸಕ್ಕರೆ ಸುರಿದ. ಮೂರನೆಯದರಲ್ಲಿ ಒಂದು ಬಾಳೆಹಣ್ಣು. ನಾಲ್ಕನೆಯದು ಅಡಿಗೆಯ ಮುದುಕನ ಕೋಣೆ. ಅವನು ಜೋಳಿಗೆ ನೋಡಿದ, ಹಣೆ ನೋಡಿದ, ಒಳಗೆ ಹೋಗಿ ಎರಡೂ ಕೈಯಲ್ಲಿ ಅಕ್ಕಿ ತಂದು ತಲೆ ಬಗ್ಗಿಸಿ ಹಾಕಿದ. ಅವರಲ್ಲೂ ಸನ್ಯಾಸಿಗಳು ಭಿಕ್ಷೆಗೆ ಬರುತ್ತಿದ್ದ ಕಾಲವೊಂದು ಇದ್ದಿರಬೇಕು.

ಅಲ್ಲಿಗೆ ನಾಲ್ಕಾಯಿತು. ಐದನೆಯದು ನಮ್ಮ ಗ್ರಾಂಡ್ ಮಾಸ್ಟರ ಕೋಣೆ. ಅದನ್ನು ದಾಟಿ ಆರನೆಯ ಬಾಗಿಲಿಗೆ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅಲ್ಲಿ ಇಬ್ಬರು ಕಾಲೇಜು ಹುಡುಗರಿದ್ದರು, ನಕ್ಕು ಏನಾದರೂ ಕೊಡುತ್ತಿದ್ದರು. ಮಲ್ಲಿಕಾರ್ಜುನಸ್ವಾಮಿ ಹಿಂದಿನಿಂದ ಕೈಸನ್ನೆ ಮಾಡಿ ಆರನೆಯದನ್ನೇ ತೋರಿಸಿದನಂತೆ. ಪುಟ್ಟಮಾದು ತಲೆ ಅಲ್ಲಾಡಿಸಿದ. ಬಾಗಿಲು ಬಿಡುವಂತಿಲ್ಲ.

ಒಳಗೆ ಗ್ರಾಂಡ್ ಮಾಸ್ಟರ ಜೊತೆ ಅಖಾಡದ ಹಿರಿಯರು ಚಹಾಕ್ಕೆ ಕೂತಿದ್ದರು, ಪಕ್ಕದಲ್ಲಿ ದುಭಾಷಿ. ಜೋಳಿಗೆ ಚಾಚಿ ನಿಂತ ಶಿಷ್ಯನನ್ನು ಕಂಡು ಹಿರಿಯರ ಕೈಯ ಬಟ್ಟಲು ಅಲ್ಲೇ ನಿಂತಿತು. ಅವರು ದುಭಾಷಿಯ ಕಡೆಗೆ ತಿರುಗಿ ಕೇಳಿದ್ದು ಇಷ್ಟೇ: ನಾವು ಹಾಕುವ ಊಟ ಈ ಅತಿಥಿಗೆ ಸಾಲುತ್ತಿಲ್ಲವೇ?

ಅವರ ಕಡೆ ಅತಿಥಿ ಹಸಿದರೆ ಅದು ಮನೆಯವನ ಮುಖಕ್ಕೆ ಬಳಿದ ಮಸಿ. ನಮ್ಮ ಕಡೆಯೂ ಹಾಗೇ. ಆದರೆ ಕೋರಣ್ಯಕ್ಕೂ ಹಸಿವಿಗೂ ಸಂಬಂಧವಿಲ್ಲ ಎಂದು ಚೀನೀ ಭಾಷೆಯಲ್ಲಿ ಹೇಳುವವರು ಯಾರು? ಹೇಳಬಹುದಾಗಿದ್ದವರು ಗ್ರಾಂಡ್ ಮಾಸ್ಟರು. ಅವರು ಹೇಳಿದ್ದು ಬೇರೆ. "ಇವನಿಗೆ ತಲೆ ಸರಿಯಿಲ್ಲ, ತಪ್ಪಾಯಿತು" ಎಂದು ಇಂಗ್ಲಿಷಿನಲ್ಲಿ ಕೈಮುಗಿದು, ಕನ್ನಡದಲ್ಲಿ ಇವನ ಕಡೆ ತಿರುಗಿದರು. "ಇಡೀ ದೇಶದ ಮಾನ ತೆಗೆದೆಯಲ್ಲೋ ಭಿಕಾರಿ!"

"ಒಂದು ಹಿಡಿ ಆಕ್ಬುಡಿ ಮಾಸ್ಟ್ರೇ, ಓಯ್ತೀನಿ. ಬೈಯದ್ನ ಆಮೇಲೆ ಬೈಯ್ರಿ" ಎಂದ ಪುಟ್ಟಮಾದು.

ಅವರು ಹಾಕಲಿಲ್ಲ. ಹಿರಿಯರು ತಮ್ಮ ಮುಂದಿದ್ದ ತಟ್ಟೆಯಿಂದ ಒಂದು ಕಡುಬು ಎತ್ತಿ ಜೋಳಿಗೆಗೆ ಹಾಕಿ, ಯಾರ ಮುಖವನ್ನೂ ನೋಡದೆ ಎದ್ದು ಹೋದರು. ಒಳಗೆ ಹಂದಿ ಮಾಂಸವಿದ್ದ ಕಡುಬು. ಪುಟ್ಟಮಾದು ಅದನ್ನೂ ಸೇರಿಸಿಯೇ ಐದು ಎಂದು ಎಣಿಸಿಕೊಂಡನೋ ಇಲ್ಲವೋ ಮಲ್ಲಿಕಾರ್ಜುನಸ್ವಾಮಿಗೆ ಗೊತ್ತಿಲ್ಲ. ಗೋಡೆಗೆ ಮುಖ ಮಾಡಿ ಅಕ್ಕಿಯನ್ನು ಹಸಿಯಾಗಿಯೇ ಅಗಿಯುತ್ತಿದ್ದನಂತೆ.

ಮಿಕ್ಕ ದಿನ ಅವನನ್ನು ಮೈದಾನಕ್ಕೆ ಇಳಿಸಲಿಲ್ಲ, ಮೂರನೇ ಸೋಮವಾರ ಯಾರ ಬಾಗಿಲಿಗೂ ಬಿಡಲಿಲ್ಲ. ಸರ್ಟಿಫಿಕೇಟು ಕೊಡುವ ದಿನ ಅವನ ಹೆಸರು ಕರೆಯಲಿಲ್ಲ.

ವಾಪಸು ಬಂದ ದಿನ ಬಸ್ ಸ್ಟಾಂಡಿನಲ್ಲಿ ಹಾರ ಹಿಡಿದು ನಿಂತಿದ್ದ ನಮ್ಮನ್ನು ಅವನು ನೋಡಲೇ ಇಲ್ಲ. ಉಡಿಗಾಲದ ಕಡೆ ಓಡಿದ. ಮೂಗಮ್ಮ ಆಮೇಲೆ ಹೇಳಿದಳು: ಭಾನು ಜಗುಲಿಯ ಮೇಲೆ ಕೂತು ಹುರಿಗಡಲೆ ತಿನ್ನುತ್ತಿದ್ದಳಂತೆ. ಇವನು ಹೋಗಿ ಹಣೆ, ಕತ್ತು, ಅಂಗಾಲು ಎಲ್ಲ ಮುಟ್ಟಿ ನೋಡಿ ಅವಳ ಪಕ್ಕದಲ್ಲೇ ಕೂತನಂತೆ.

"ಎರಡು ಸೋಮ್ವಾರ ತಪ್ಪೋಯ್ತು ಕಣಮ್ಮಿ" ಎಂದ ಹೆಂಡತಿಗೆ.

"ಎಲ್ ತಪ್ತು? ನಾ ಎತ್ತುದ್ನಲ್ಲ, ಮೂರು ಸೋಮ್ವಾರ್ವೂವೆ. ತಮ್ಮಡಯ್ಯನ್ನ ಕೇಳ್ದೆ. ಮನೇವ್ರು ಯಾರೆತ್ತುದ್ರೂ ಒಂದೇಯ ಅಂದ."

ಮಾದಪ್ಪನ ಪೂಜೆಯ ಅಯ್ಯನೇ ಹೇಳಿದ ಮೇಲೆ ಮುಗಿಯಿತು. ಪುಟ್ಟಮಾದು ಮಗಳ ಅಂಗಾಲಿನಿಂದ ಕೈ ತೆಗೆದ.

"ಓಗೋ ಮುಂಚೆ ಯಾಕ್ ಹೇಳ್ನಿಲ್ಲ?"

"ನೀ ಕೇಳ್ದಾ?"

ಗೋವಿಂದಯ್ಯನವರ ಹತ್ತಿರ ನಾನೇ ಜೊತೆಗೆ ಹೋದೆ. ಸುದ್ದಿ ಬೆಂಗಳೂರಿನಿಂದ ಮೊದಲೇ ಬಂದು ಕೂತಿತ್ತು. ಕಾಫಿ ಕೊಟ್ಟರು, ಅದೇ ಕೆಟ್ಟ ಶಕುನ. "ನೀವೇ ಹೇಳಿ ಸಾವ್ಕಾರ್ರೇ. ಭಿಕ್ಷೆ ಎತ್ತೋ ಮೇಷ್ಟ್ರನ್ನ ಇಟ್ಕೊಂಡ್ರೆ ಅಪ್ಪಂದಿರು ನಮ್ಗೆ ಫೀಸ್ ಕೊಡ್ತಾರೋ, ಅಕ್ಕಿ ಕೊಡ್ತಾರೋ?" ಎಂದು ನಕ್ಕರು. ಆ ಕೆಲಸಕ್ಕೆ ಮಲ್ಲಿಕಾರ್ಜುನಸ್ವಾಮಿಯ ತಮ್ಮನನ್ನು ಸಂಜೆ ಹೊತ್ತಿಗೆ ಗೊತ್ತು ಮಾಡಿಕೊಂಡಿದ್ದರು. ಅವನಿಗೆ ಒದೆಯಲು ಬರುತ್ತಿರಲಿಲ್ಲ, ಇಂಗ್ಲಿಷಿನಲ್ಲಿ ಎಣಿಸಲು ಬರುತ್ತಿತ್ತು.

ಪುಟ್ಟಮಾದು ಮಾರನೇ ದಿನ ಪೀಪಾಯಿಗೆ ಬಂದ. ವಾರದೊಳಗೆ ಎದೆಯ ಸಿಳ್ಳೆಯೂ ಬಂತು.

ಭಾನುವಾರದ ಕ್ಲಾಸಿಗೆ ಹುಡುಗರು ಒಬ್ಬೊಬ್ಬರೇ ತಪ್ಪಿಸಿಕೊಂಡರು. ಸೋಮವಾರ ಮಾತ್ರ ಅವನು ಬೀದಿಗೆ ಬರುತ್ತಿದ್ದ. ಮೊದಲು ಎದ್ದುಬಂದು ಅಕ್ಕಿ ಹಾಕುತ್ತಿದ್ದ ಮನೆಯವರೇ ಈಗ "ಏನ್ ಮಾಸ್ಟ್ರೇ, ನಮ್ ಅಕ್ಕಿ ರುಚಿಸ್ತದಾ, ಚೀನಾದ್ದು ತರಿಸ್ಲಾ?" ಎನ್ನುತ್ತಿದ್ದರು. ಅವನು ನಗುತ್ತಿದ್ದ. ಮೂಗಮ್ಮ ತಾನೇ ಎತ್ತುತ್ತೇನೆಂದರೂ ಬಿಡಲಿಲ್ಲ. ಯಾರಿಗಾಗಿ ಎತ್ತುತ್ತಿದ್ದನೋ ಆ ಭಾನು ಮಾತ್ರ ನಗುತ್ತಿರಲಿಲ್ಲ. ಕುಂಗ್‌ಫೂನಲ್ಲಿ ಅಪ್ಪನಿಗಿಂತ ಚೆನ್ನಾಗಿ ಕಾಲು ಎತ್ತುತ್ತಿದ್ದ ಹುಡುಗಿ. ಶಾಲೆಯಲ್ಲಿ ಜೊತೆಯವರು ಅವಳ ಊಟದ ಡಬ್ಬಿ ತೆಗೆದು "ಎಷ್ಟು ಮನೆದು ಇದು?" ಎಂದು ಕೇಳುತ್ತಿದ್ದರಂತೆ.

ಒಂದು ಸೋಮವಾರ ಅವನು ಶಾಲೆಯ ಬೀದಿಯಲ್ಲಿದ್ದಾಗ ಅವಳು ಚೀಲ ಹೊತ್ತು ಎದುರಿಗೆ ಬಂದಳು. ನಾನು ಎದುರಿನ ಅಂಗಡಿಯಲ್ಲಿದ್ದೆ.

"ಅಪ್ಪಾ, ನಾ ಸತ್ತೋದ್ರೂ ಪರ್ವಾಗಿಲ್ಲ. ನೀ ಇಲ್ಲಿ ಎತ್ಬೇಡ."

ಮೂರು ಮನೆ ಆಗಿತ್ತು. ಪುಟ್ಟಮಾದು ಮಗಳನ್ನು ನೋಡಿದ, ನಾಲ್ಕನೆಯ ಬಾಗಿಲನ್ನು ನೋಡಿದ. ಬೀದಿಗಿಳಿದ ಮೇಲೆ ನಿಲ್ಲಿಸುವಂತಿಲ್ಲ. ಅವಳು ಓಡಿಹೋಗುವ ತನಕ ಕಾದು ನಾಲ್ಕನೆಯ ಬಾಗಿಲಿಗೆ ನಡೆದ. ಅದು ನಮ್ಮೂರಿನಲ್ಲಿ ಅವನ ಕೊನೆಯ ಕೋರಣ್ಯ.

ಈಗ ಸೋಮವಾರ ಮೊದಲ ಬಸ್ಸಿಗೆ ಗುಂಡ್ಲುಪೇಟೆ ಕಡೆಯ, ಅವನ ಗುರುತಿಲ್ಲದ ಹಳ್ಳಿಗಳಿಗೆ ಹೋಗುತ್ತಾನೆ. ನಾನು ಆ ದಿನದ ಕೂಲಿ ಮುರಿದುಕೊಳ್ಳುತ್ತೇನೆ, ಅವನೂ ಕೇಳುವುದಿಲ್ಲ. ಹೋದ ಶ್ರಾವಣದಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕೆಳಗಿನ ಒಂದು ಊರಿಗೆ ಅರಿಶಿನದ ಹೊಲ ನೋಡಲು ಹೋಗಿದ್ದಾಗ ಕಂಡೆ. ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ. ಮೊರದಲ್ಲಿ ಅಕ್ಕಿ ತಂದ ಹೆಂಗಸು ಅವನ ಕೆಮ್ಮು ನಿಲ್ಲುವವರೆಗೆ ಕಾದಳು.

"ಯಾರ ಹರಕೆಯಪ್ಪ?"

"ಒಂದು ಹೆಣ್ಮಗೀಂದು ಕಣವ್ವ."

"ಉಳೀತಾ?"

"ಅವಳೆ. ಚೆಂದಾಗವಳೆ."

"ಏನಪ್ಪ ಮಗೀನ ಹೆಸ್ರು?" ಎಂದು ಅವಳು ಅಕ್ಕಿ ಹಾಕುತ್ತಾ ಕೇಳಿದಳು.

ಪುಟ್ಟಮಾದು ಜೋಳಿಗೆ ಮುಚ್ಚಿಕೊಂಡು ಕೈಮುಗಿದು ಮುಂದಿನ ಬಾಗಿಲಿಗೆ ಹೋದ.