ಹಿನ್ನೀರಿನಲ್ಲಿ ಸಿಕ್ಕಿಕೊಂಡ ಗಾಳ

ನನ್ನ ಸೋದರಮಾವ ಮೀನು ತಿನ್ನುವವರಲ್ಲ. ಬೈಲಹೊಂಗಲದ ಅವರ ಮನೆಯಲ್ಲಿ ಮೊಟ್ಟೆಯ ಮಾತನ್ನೂ ಯಾರೂ ಎತ್ತುವುದಿಲ್ಲ. ನಲವತ್ತು ವರ್ಷ ಹತ್ತಿ ವ್ಯಾಪಾರ ಮಾಡಿ, ಅಂಗಡಿಯನ್ನು ತಮ್ಮನ ಮಕ್ಕಳಿಗೆ ಬಿಟ್ಟುಕೊಟ್ಟ ಮೇಲೆ ಅವರಿಗೆ ಮೊಬೈಲಿನಲ್ಲಿ ವಿಡಿಯೊ ನೋಡುವ ಚಟ ಹತ್ತಿತು. ಯಾವುದೋ ತಂಪು ದೇಶದ ದೊಡ್ಡ ಸರೋವರ. ದಪ್ಪ ಅಂಗಿ ತೊಟ್ಟ ಇಬ್ಬರು ಮುದುಕರು ದೋಣಿಯನ್ನು ನಿಧಾನವಾಗಿ ನಡೆಸುತ್ತ, ಹಿಂದೆ ಉದ್ದನೆಯ ದಾರ ಎಳೆದುಕೊಂಡು ಹೋಗಿ, ಟ್ರೌಟ್ ಮತ್ತು ಸಾಲ್ಮನ್ ಎಂಬ ಮೀನುಗಳನ್ನು ಹಿಡಿಯುತ್ತಾರೆ. ಹಿಡಿದು, ತೂಕ ನೋಡಿ, ಮತ್ತೆ ನೀರಿಗೆ ಬಿಡುತ್ತಾರೆ. ಆ ಬಿಡುವುದೇ ಮಾವನಿಗೆ ಹಿಡಿಸಿದ್ದು. ಕೊಲ್ಲದೆ ಹಿಡಿಯಬಹುದು ಎಂದು ತಿಳಿದ ಮರುತಿಂಗಳು ಅವರು ಹುಬ್ಬಳ್ಳಿಯಿಂದ ಒಂದು ಕೋಲು, ದಾರ ಸುತ್ತುವ ರಾಟೆ, ಹೊಟ್ಟೆಗೆ ಗಾಳ ಸಿಕ್ಕಿಸಿದ ಬಣ್ಣಬಣ್ಣದ ನಾಲ್ಕು ಮರದ ಮೀನು ತರಿಸಿದರು.

ನಮ್ಮಲ್ಲಿ ಟ್ರೌಟ್ ಎಲ್ಲಿಂದ ಬರಬೇಕು? ಸವದತ್ತಿಯ ಹತ್ತಿರ ಮಲಪ್ರಭೆಯ ಹಿನ್ನೀರಿದೆ. ಅದರಲ್ಲಿ ಬಾಳೆ ಮೀನಿದೆ. ಅಗಲ ಬಾಯಿ, ಉದ್ದ ಮೀಸೆ, ಸಣ್ಣ ಮೀನುಗಳನ್ನು ಅಟ್ಟಿಸಿಕೊಂಡು ತಿನ್ನುವ ಜಾತಿ. ಓಡುವ ಮರದ ಮೀನನ್ನು ಕಂಡರೆ ಅದೂ ಬಾಯಿ ಹಾಕುತ್ತದೆ. ದೋಣಿ ಹಿನ್ನೀರಿನ ದಂಡೆಯ ಹಳ್ಳಿಯವನೊಬ್ಬನದು. ಅವನ ಮನೆತನದವರು ಹಿಂದೆ ಹೊಳೆ ದಾಟಿಸುತ್ತಿದ್ದವರು; ಈಗ ಗೋವಿನಜೋಳ, ಕಬ್ಬು ಬೆಳೆಯುತ್ತಾರೆ. ವಾರಕ್ಕೊಂದು ದಿನ ಅವನು ಹೊಲ ಬಿಟ್ಟು ಮಾವನಿಗಾಗಿ ಹುಟ್ಟು ಹಾಕುತ್ತಿದ್ದ. ಇದು ಎರಡು ವರ್ಷದಿಂದ ನಡೆದು ಬಂದಿತ್ತು. ರಜೆ ಸಿಕ್ಕ ದಿನ ನಾನೂ ಹೋಗುತ್ತಿದ್ದೆ. ಪತ್ರಿಕೆಯ ಕೆಲಸದವನಾದ್ದರಿಂದ ಫೋಟೊ ತೆಗೆಯುವುದು ನನ್ನ ಪಾಲಿಗೆ ಬಂದಿತ್ತು.

ಈಗ ಹೇಳುವುದು ಹೋದ ಚಳಿಗಾಲದ ಕೊನೆಯ ಒಂದು ಮುಂಜಾನೆಯದು.

ಎರಡು ಸಂಗತಿಗಳನ್ನು ಮೊದಲೇ ಹೇಳಬೇಕು. ಮಾವನ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇದೆ. ಅದರೊಳಗೆ ಹುಟ್ಟಿದಾಗ ಕಟ್ಟಿದ ಇಷ್ಟಲಿಂಗ. ದಿನಾ ಸ್ನಾನವಾದ ಮೇಲೆ ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುತ್ತಾರೆ. ಅದು ಮೈಮೇಲೆ ಇಲ್ಲದೆ ಒಂದು ಗುಟುಕು ನೀರನ್ನೂ ಕುಡಿಯುವುದಿಲ್ಲ. ಎರಡನೆಯದು, ಅವರಿಗೆ ಸಕ್ಕರೆ ಕಾಯಿಲೆ. ಮುಂಜಾನೆ ಏಳಕ್ಕೆ ಗುಳಿಗೆ ನುಂಗಿದರೆ ಒಂಬತ್ತರೊಳಗೆ ಹೊಟ್ಟೆಗೆ ಏನಾದರೂ ಬೀಳಬೇಕು. ಕಿತ್ತೂರಿನಲ್ಲಿ ಒಂದು ಮದುವೆಯಲ್ಲಿ ಊಟ ತಡವಾಗಿ, ಪಂಕ್ತಿಯಲ್ಲಿ ಕೂತಲ್ಲೇ ಬೆವತು ಉರುಳಿದ್ದರು. ಆವತ್ತು ದವಾಖಾನೆಗೆ ಹೊತ್ತುಕೊಂಡು ಹೋದವರಲ್ಲಿ ನಾನೂ ಒಬ್ಬ. ಅದರ ನಂತರ ಅತ್ತೆ ದೋಣಿಗೂ ಬುತ್ತಿ ಕಟ್ಟಿ ಕಳಿಸುತ್ತಿದ್ದರು: ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಬೆಲ್ಲದ ಒಂದು ತುಂಡನ್ನು ಬೇರೆ ಕಾಗದದಲ್ಲಿ ಸುತ್ತಿ ನನ್ನ ಕೈಗೇ ಕೊಡುತ್ತಿದ್ದರು.

ಲಿಂಗವನ್ನು ಮೈಯಿಂದ ತೆಗೆಯುವಂತಿಲ್ಲ. ಎದೆಯ ಮೇಲೆ ಬಿಟ್ಟರೆ, ಮೀನಿನ ಮೇಲೆ ಬಗ್ಗಿದಾಗ ಕರಡಿಗೆ ಜೋತು ಬಿದ್ದು ಮೀನಿಗೆ ತಗಲುತ್ತದೆ. ಇದಕ್ಕೆ ಮಾವ ತಾವೇ ಒಂದು ದಾರಿ ಕಂಡುಕೊಂಡಿದ್ದರು. ಮೀನು ಬಿದ್ದ ಕೂಡಲೇ ಕರಡಿಗೆ ಕಟ್ಟಿದ ಶಿವದಾರವನ್ನು ಕೊರಳಿಂದ ತೆಗೆದು ಎಡಗೈ ತೋಳಿಗೆ ಎರಡು ಸುತ್ತು ಸುತ್ತಿಕೊಳ್ಳುತ್ತಿದ್ದರು. ಮೀನನ್ನು ಬಿಟ್ಟು, ಕೈ ಮೂರು ಸಲ ತೊಳೆದ ಮೇಲೆ ಮತ್ತೆ ಕೊರಳಿಗೆ. ಯಾವ ಸ್ವಾಮಿಗಳನ್ನೂ ಕೇಳಿ ಮಾಡಿದ್ದಲ್ಲ.

ಆ ದಿನ ಎಂಟು ಗಂಟೆಯ ಸುಮಾರಿಗೆ ಕೋಲು ಬಾಗಿತು. ಮಾವ ಶಿವದಾರವನ್ನು ತೋಳಿಗೆ ಸುತ್ತಿಕೊಂಡು ರಾಟೆ ತಿರುಗಿಸಿದರು. ತೋಳುದ್ದದ ಬಾಳೆ ಮೀನು. ದೋಣಿಯವನು ಬಲೆಯಲ್ಲಿ ಎತ್ತಿದ, ಮಾವ ಗಾಳ ಬಿಡಿಸಿದರು, ನಾನು ಒಂದರ ಹಿಂದೊಂದು ಫೋಟೊ ತೆಗೆದೆ. ಮೀನನ್ನು ಮೆಲ್ಲಗೆ ನೀರಿಗಿಳಿಸಿದಾಗ ದೋಣಿಯವನು ಎಂದಿನಂತೆ ಶುರು ಮಾಡಿದ.

"ಸಾಹುಕಾರ್ರ, ಹಿಡಿಯೂದ್ಯಾಕ, ಬಿಡೂದ್ಯಾಕ? ಮೀನಿಗೂ ತ್ರಾಸ, ನನಗೂ ತ್ರಾಸ."

"ನಿನ್ನ ಹೊಟ್ಟಿ ಉರಿ ನನಗ ತಿಳೀತೈತಿ," ಎಂದರು ಮಾವ. "ಸುಮ್ಮನ ಹುಟ್ಟು ಹಾಕು."

ಮರದ ಮೀನಿಗೆ ಅಂಟಿದ್ದ ಪಾಚಿಯನ್ನು ತೆಗೆದು ಮಾವ ಅದನ್ನು ಮತ್ತೆ ನೀರಿಗೆ ಬಿಟ್ಟರು. ದೋಣಿ ಹೊರಟಿತು, ದಾರ ಹಿಂದೆ ಹಿಂದೆ ಹೋಯಿತು. ಇನ್ನೊಂದು ಮೀನು ಈಗಲೇ ಬೀಳುತ್ತದೆ ಎಂಬ ಉಮೇದಿನಲ್ಲಿ ಅವರು ಕೈಯನ್ನೂ ತೊಳೆಯಲಿಲ್ಲ. ಮರದ ಮೀನು ಸರಿಯಾಗಿ ಓಡುತ್ತಿದ್ದರೆ ಕೋಲಿನ ತುದಿ ಸಣ್ಣಗೆ ನಡುಗುತ್ತಿರುತ್ತದೆ. ಈ ಸಲ ನಡುಗದೆ ಸುಮ್ಮನೆ ಬಾಗಿತ್ತು. ಪಾಚಿ ಸಿಕ್ಕಿರಬೇಕು, ಎಳೆದು ನೋಡಿರಿ ಎಂದು ದೋಣಿಯವನು ಹೇಳಿದ. ಎಲ್ಲಮ್ಮನ ಗುಡ್ಡ ಬಲಕ್ಕೆ ಬರುವವರೆಗೆ ಹೋಗಲಿ, ತಿರುಗುವಾಗ ನೋಡೋಣ ಎಂದರು ಮಾವ.

ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ನಾನು ಬುತ್ತಿ ಬಿಚ್ಚಿದೆ. ಮಾವ ಕೈ ತೊಳೆದರು. ಎಡತೋಳಿಗೆ ಕೈ ಹಾಕಿದರು. ಆಮೇಲೆ ಕೊರಳಿಗೆ. ಆಮೇಲೆ ಮತ್ತೆ ತೋಳಿಗೆ.

ಅವರು ಕೂಗಲಿಲ್ಲ. ದೋಣಿ ನಿಲ್ಲಿಸು ಎಂದಷ್ಟೇ ಹೇಳಿದರು.

ಹಲಗೆಗಳ ಅಡಿ, ಬಲೆಯ ತಳ, ಚೀಲ, ಅವರ ಅಂಗಿಯ ಒಳಗೆ ಎಲ್ಲ ಹುಡುಕಿದೆವು. ಎಲ್ಲೂ ಇರಲಿಲ್ಲ. ಮೀನು ಬಿಡುವಾಗ ಜಾರಿ ನೀರಿಗೆ ಬಿದ್ದಿರಬೇಕು ಎಂದು ಮೂವರೂ ಅಂದುಕೊಂಡೆವು. ಆ ಜಾಗ ಅರ್ಧ ತಾಸು ಹಿಂದೆ ಉಳಿದಿತ್ತು. ಅಲ್ಲಿ ಆಳ ಎಷ್ಟು ಎಂದು ದೋಣಿಯವನಿಗೂ ಗೊತ್ತಿರಲಿಲ್ಲ.

ನಾನು ಬೆಲ್ಲ ಮುಂದೆ ಹಿಡಿದೆ. ಮಾವ ತುಟಿ ಬಿಗಿದುಕೊಂಡು ತಲೆ ಅಲ್ಲಾಡಿಸಿದರು. ಸವದತ್ತಿಯಲ್ಲಿ ಮಠವಿದೆ, ಸ್ವಾಮಿಗಳಿಗೆ ಹೇಳಿ ಬೇರೆ ಲಿಂಗ ಕಟ್ಟಿಸಿಕೊಳ್ಳಬಹುದು, ಆದರೆ ಮೊದಲು ಇದನ್ನು ಬಾಯಿಗೆ ಹಾಕಿಕೊಳ್ಳಿ ಎಂದು ಹೇಳಿದೆ. ಬೇರೆ ಅನ್ನುವುದು ಇಲ್ಲ ಎಂದರು. ಒಂಬತ್ತೂ ಕಾಲಾಗಿತ್ತು. ಅವರ ಮೇಲ್ದುಟಿಯ ಮೇಲೆ ಬೆವರು ಕಾಣತೊಡಗಿತು. ತಂಪು ಗಾಳಿ ಬೀಸುತ್ತಿತ್ತು, ಬಿಸಿಲಿಗೆ ಬಂದ ಬೆವರು ಅದಲ್ಲ. ದಂಡೆ ಮುಟ್ಟಲು ಮುಕ್ಕಾಲು ತಾಸು ಬೇಕು, ಅಲ್ಲಿಂದ ದವಾಖಾನೆಗೆ ಇನ್ನಷ್ಟು ಹೊತ್ತು. ನಾನು ಲೆಕ್ಕ ಹಾಕಿದ್ದು ಅಷ್ಟೇ.

ಅಷ್ಟರಲ್ಲಿ ಇನ್ನೊಂದು ತೊಡಕು. ದೋಣಿ ನಿಂತಾಗ ಹಿಂದಿನ ದಾರ ತಳಕ್ಕಿಳಿದು ಎಲ್ಲೋ ಸಿಕ್ಕಿಕೊಂಡಿತ್ತು. ಹಿನ್ನೀರಿನ ಆ ಭಾಗದಲ್ಲಿ ಮುಳುಗಿದ ಹೊಲಗಳಿವೆ, ಬದುಗಳ ಮೇಲಿನ ಜಾಲಿಯ ಬೊಡ್ಡೆಗಳು ಇನ್ನೂ ನಿಂತಿವೆ. ದೋಣಿಯವನು ದಾರ ಜಗ್ಗಿ ನೋಡಿ, ಸೊಂಟದ ಚಾಕು ತೆಗೆದ.

"ಬೊಡ್ಡಿಗೆ ಸಿಕ್ತ್ರಿ. ಕೊಯ್ದು ಒಗಿತೇನಿ. ಮೀನ ಬಿಟ್ಟ ಜಾಗಕ್ಕ ಹೋಗೂಣು, ನಾ ಮುಳುಗಿ ನೋಡತೇನಿ."

ಮಾವ ಕೊಯ್ಯಿ ಎಂದು ಕೈಸನ್ನೆ ಮಾಡಿದರು.

ನಾನು ಆಗ ಮೊಬೈಲು ನೋಡುತ್ತಿದ್ದೆ. ಮೀನು ಬಿಟ್ಟ ಹೊತ್ತು ಎಷ್ಟು, ಹಿಂದೆ ಯಾವ ಗುಡ್ಡ ಕಾಣುತ್ತದೆ ಎಂದು ತಿಳಿದರೆ ಜಾಗ ಗುರುತಿಸಬಹುದಿತ್ತು. ಫೋಟೊಗಳು ಹನ್ನೊಂದು ಇದ್ದವು. ಮೀನು ಹಿಡಿದು ನಿಂತಲ್ಲಿ ಶಿವದಾರ ತೋಳಿಗೆ ಇತ್ತು. ಮೀನು ನೀರಿಗೆ ಬಿಟ್ಟ ಫೋಟೊದಲ್ಲಿಯೂ ಇತ್ತು. ಅಂದರೆ ನಾವು ಮೂವರೂ ಅಂದುಕೊಂಡದ್ದು ತಪ್ಪು. ಕೊನೆಯ ಫೋಟೊದಲ್ಲಿ ಮಾವ ಮರದ ಮೀನನ್ನು ನೀರಿಗಿಳಿಸಲು ಕೈ ಚಾಚಿದ್ದರು. ಅದನ್ನು ದೊಡ್ಡದು ಮಾಡಿದೆ. ತೋಳಿನ ಒಂದು ಸುತ್ತು ಸಡಿಲಾಗಿ ಮೊಣಕೈಗೆ ಇಳಿದಿತ್ತು. ಅದರ ಕೆಳಗಿನ ಕುಣಿಕೆ, ಮರದ ಮೀನಿನ ಹೊಟ್ಟೆಯ ಮೂರು ಮುಳ್ಳಿನ ಗಾಳದೊಳಗೆ ಹೊಕ್ಕಿತ್ತು.

"ಕೊಯ್ಯಬ್ಯಾಡ," ಎಂದೆ. "ಕರಡಿಗಿ ಆ ದಾರದ ತುದಿಗೆ ಐತಿ."

ಚಾಕು ದಾರದ ಮೇಲೆಯೇ ನಿಂತಿತು. ಫೋಟೊ ತೋರಿಸಿದೆ. ದೋಣಿಯವನು ಚಾಕುವನ್ನು ಮಡಚಿ ದೂರ ಇಟ್ಟ. ಅಷ್ಟು ಹೊತ್ತು ಪಾಚಿ ಎಂದುಕೊಂಡು ನಾವು ಎಳೆದದ್ದು ಕರಡಿಗೆಯನ್ನು.

ಈಗ ಜಗ್ಗುವಂತಿರಲಿಲ್ಲ. ಶಿವದಾರ ಹತ್ತಿಯದು, ಹಳೆಯದು, ಒಂದು ಜಗ್ಗಿಗೆ ಹರಿದೀತು. ದೋಣಿಯವನು ಹುಟ್ಟನ್ನು ಹಿಂದಕ್ಕೆ ಹಾಕುತ್ತ ದಾರ ಸಡಿಲವಾಗುವಂತೆ ದೋಣಿಯನ್ನು ಬೊಡ್ಡೆಯ ಮೇಲಕ್ಕೆ ತಂದ. ನಾನು ರಾಟೆಯಲ್ಲಿ ದಾರ ಸುತ್ತಿಕೊಳ್ಳುತ್ತ ಹೋದೆ. ಅಲ್ಲಿ ಆಳ ಎರಡಾಳಿಗಿಂತ ಕಡಿಮೆ. ಅವನು ಅಂಗಿ ಕಳೆದು, ದಾರವನ್ನು ಬೆರಳ ಸಂದಿಯಲ್ಲಿ ಹಿಡಿದು ಮುಳುಗಿದ.

ನಾನು ಮಾವನ ಬೆನ್ನಿಗೆ ಕೈ ಕೊಟ್ಟು ಕೂತೆ. ಅವರ ಅಂಗಿ ಬೆವರಿಗೆ ಪೂರ್ತಿ ಒದ್ದೆಯಾಗಿತ್ತು.

ದೋಣಿಯವನು ಮೇಲೆ ಬಂದ. ಕೈ ಬರಿದಾಗಿತ್ತು. ದೋಣಿಯ ಅಂಚು ಹಿಡಿದು ಉಸಿರು ತೆಗೆದುಕೊಂಡ.

"ಐತ್ರಿ. ಬೊಡ್ಡಿಗೆ ಗಾಳ ಸಿಕ್ಕೈತಿ, ಗಾಳಕ್ಕ ಶಿವದಾರ ಸುತ್ತೈತಿ. ಬೆಳ್ಳೀದು ಜೋತಾಡಾಕ ಹತ್ತೈತಿ."

ಮತ್ತೇಕೆ ತರಲಿಲ್ಲ ಎಂದು ಕೇಳಿದೆ. ನನ್ನ ದನಿ ಏರಿತ್ತು. ಅವನು ನನ್ನನ್ನು ನೋಡಲಿಲ್ಲ, ಮಾವನನ್ನು ನೋಡಿದ.

"ನಾ ಮುಟ್ಟಬಹುದೇನ್ರಿ?"

ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಹೆಂಡತಿ ಕೂಡ ಮುಟ್ಟುವುದಿಲ್ಲ. ಲಿಂಗ ಕಟ್ಟದ ಮನೆತನದ ಇವನಿಗೆ ಅದು ಗೊತ್ತಿತ್ತು. ನೀರಿನ ತಳದಲ್ಲಿ, ಕಟ್ಟಿದ ಉಸಿರಿನಲ್ಲಿ, ಅವನು ಅದನ್ನು ನೆನಪಿಟ್ಟುಕೊಂಡು ಕೇಳಲು ಮೇಲೆ ಬಂದಿದ್ದ. ಮಾವ ದೋಣಿಯ ಅಂಚು ಹಿಡಿದಿದ್ದ ಅವನ ಕೈಯನ್ನು ನೋಡಿದರು.

"ಎರಡ ವರ್ಷ ನಿನ್ನ ಕೈಯಾಗ ಜೀವ ಕೊಟ್ಟು ಈ ನೀರಿನ ಮ್ಯಾಲ ಕುಂತೇನಿ," ಎಂದರು. ದನಿ ತೊದಲುತ್ತಿತ್ತು. "ಮುಟ್ಟು. ಗಟ್ಟಿ ಹಿಡಕೊಂಡು ಬಾ."

ಎರಡನೆಯ ಸಲ ಮೊದಲು ನೀರಿನಿಂದ ಮೇಲೆದ್ದದ್ದು ಅವನ ಮುಷ್ಟಿ. ಆಮೇಲೆ ತಲೆ. ಮುಷ್ಟಿಯಿಂದ ಶಿವದಾರ ಇಳಿಬಿದ್ದಿತ್ತು. ಅವನು ಅದನ್ನು ಮಾವನ ಎರಡೂ ಅಂಗೈಯೊಳಗೆ ಇಟ್ಟು, ಕೈ ಹಿಂದಕ್ಕೆ ತೆಗೆದುಕೊಂಡ.

ಮಾವ ಕರಡಿಗೆ ತೆರೆದರು. ಒಳಗಿನ ಬಟ್ಟೆ ನೆನೆದಿತ್ತು, ಲಿಂಗ ಇದ್ದ ಹಾಗೆಯೇ ಇತ್ತು. ಮುಖ ತೊಳೆದು, ಪೂರ್ವಕ್ಕೆ ತಿರುಗಿ, ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ನಾನು ಬೆಲ್ಲದ ಕಾಗದ ಬಿಚ್ಚಿ ಹಿಡಿದುಕೊಂಡೇ ಇದ್ದೆ. ಪೂಜೆ ಎಂದಿಗಿಂತ ಚಿಕ್ಕದಾಗಿತ್ತು, ನನಗೆ ಉದ್ದವಾಗಿ ಕಂಡಿತು. ಶಿವದಾರಕ್ಕೆ ಹೊಸ ಗಂಟು ಹಾಕಿ ಕೊರಳಿಗೆ ಕಟ್ಟಿಕೊಂಡ ಮೇಲೆ ಅವರು ಬಾಯಿ ತೆರೆದರು. ಬೆಲ್ಲವನ್ನು ನಾನೇ ಇಟ್ಟೆ, ಅವರ ಬೆರಳು ಹಿಡಿತಕ್ಕೆ ಬರುತ್ತಿರಲಿಲ್ಲ.

ದೋಣಿಯವನು ನಡುಗುತ್ತ ಕೂತಿದ್ದ. ಮಾವ ತಮ್ಮ ಶಾಲನ್ನು ಅವನತ್ತ ದೂಡಿದರು. ಅವನು ಅದನ್ನು ಹೊದ್ದುಕೊಂಡ, ಆದರೆ ಹುಟ್ಟು ಮುಟ್ಟಲಿಲ್ಲ. ಸಾಹುಕಾರರು ಒಂದು ರೊಟ್ಟಿ ಪೂರ್ತಿ ತಿಂದು ಮುಗಿಸುವವರೆಗೆ ದೋಣಿ ಅಲುಗುವುದಿಲ್ಲ ಎಂದು ನನಗೆ ಹೇಳಿದ. ಮಾವ ರೊಟ್ಟಿಯನ್ನು ಮುರಿದು ಅರ್ಧ ಅವನ ಕೈಗೆ ಕೊಟ್ಟರು. ಇಬ್ಬರೂ ತಿಂದರು.

ಹತ್ತು ನಿಮಿಷಕ್ಕೆ ಮಾವನ ತುಟಿಯ ಮೇಲಿನ ಬೆವರು ಆರಿತು. ಇನ್ನೂ ಸ್ವಲ್ಪ ಹೊತ್ತಿಗೆ ಬೆರಳು ಹಿಡಿತಕ್ಕೆ ಬಂದವು. ಎರಡನೆಯ ರೊಟ್ಟಿ ತೆಗೆದುಕೊಳ್ಳುವಾಗ, ಚಟ್ನಿಗೆ ಉಪ್ಪು ಜಾಸ್ತಿಯಾಗಿದೆ, ನಿನ್ನ ಅತ್ತೆಗೆ ವಯಸ್ಸಾಯಿತು ಎಂದರು. ನಾನೂ ತಿಂದು ನೋಡಿದೆ. ಉಪ್ಪು ಸರಿಯಾಗಿಯೇ ಇತ್ತು. ಹೌದು, ಜಾಸ್ತಿ ಎಂದೆ.